ಕಡಲಾಚೆಯ ಮನೆವಾರ್ತೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಹೊರದೇಶಕ್ಕೆ ದುಡಿಯಲು ಹೋದವರೂ ಅವರ ಮನೆಯವರೂ ಬರೆದ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಬಹುಪಾಲು ಪತ್ರಗಳು ಊರಲ್ಲಿ ಅರ್ಧಕ್ಕೆ ಬಿಟ್ಟುಹೋದ ಕೆಲಸಗಳ ಬಗ್ಗೆಯೇ ಇವೆ: ಹಳೇ ಬ್ಯಾಂಕ್ ಖಾತೆ, ಅಪ್ಪನ ಹೊಲ, ಲ್ಯಾಮಿನೇಷನ್ ಮಾಡಿಸಿಟ್ಟ ಅಂಕಪಟ್ಟಿ. ಅಡುಗೆಮನೆಯವೂ ಎರಡಿವೆ, ಅಲ್ಲಿಂದಲೇ ಶುರು ಮಾಡೋಣ. ಹೆಸರು ಬಿಟ್ಟು ಊರಷ್ಟೇ ಹಾಕಿದ್ದೇವೆ.

ಪ್ರ: ಮಗಳು ಶಾರ್ಜಾದಾಗ ಬಾಣಂತಿ ಅದಾಳ. ನಾ ಮುಂದಿನ ತಿಂಗಳ ಹೊಂಟೇನಿ. ಅಂಟಿನ ಉಂಡಿ, ಬಳ್ಳೊಳ್ಳಿ ಖಾರ, ಎಲಿ-ಅಡಕಿ, ಖಡಕ್ ರೊಟ್ಟಿ ಒಯ್ಯಬೇಕಂತ ಮಾಡೇನಿ. ಏನ್ ಬಿಡ್ತಾರ, ಏನ್ ಬಿಡೂದಿಲ್ಲ?
— ನರಗುಂದ

ಉ: ಅಕ್ಕಾರ, ಮೊದಲು ಉಂಡಿಯ ಮಾತು. ನಿಮ್ಮ ಉಂಡಿಗೆ ಗಸಗಸೆ ಹಾಕುತ್ತೀರಲ್ಲ, ಅದನ್ನು ಈ ಸಲ ಪೂರ್ತಿ ಬಿಡಬೇಕು. ಗಸಗಸೆ ಅಫೀಮಿನ ಗಿಡದ ಬೀಜ. ನಮ್ಮಲ್ಲಿ ಕಿರಾಣಿ ಅಂಗಡಿಯ ಸಾಮಾನಾದರೂ ಯುಎಇಯಲ್ಲಿ ಅದು ಮಾದಕ ವಸ್ತುಗಳ ಸಾಲಿಗೆ ಸೇರಿದೆ. ಒಂದು ಚಮಚ ಇದ್ದರೂ ಪೊಲೀಸ್ ಪ್ರಕರಣವಾಗಬಹುದು, 'ಗೊತ್ತಿರಲಿಲ್ಲ' ಎಂದರೆ ಕೇಳುವವರಿಲ್ಲ. ಹೋಳಿಗೆಯ ಮೇಲೆ ಉದುರಿಸಿದ್ದು, ಅಂಗಡಿಯಿಂದ ತಂದ ಕರದಂಟಿನೊಳಗಿನದು, ಮಸಾಲೆ ಪುಡಿಯಲ್ಲಿ ಅರೆದದ್ದು, ಎಲ್ಲಕ್ಕೂ ಇದೇ ಮಾತು. ಅಂಗಡಿಯ ಸಿಹಿ ಒಯ್ಯುವುದಾದರೆ ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿ ಓದಿ. ಪಟ್ಟಿ ಇಲ್ಲದ್ದನ್ನು ಒಯ್ಯಲೇಬೇಡಿ. ಉಂಡಿಗೆ ಹುರಿಯುವ ಬುಟ್ಟಿ, ಮಿಕ್ಸರ್ ಜಾರು ಕೂಡ ತೊಳೆದು ಒರೆಸಿಕೊಳ್ಳಿ.

ಗಸಗಸೆ ಇಲ್ಲದೆ ಉಂಡಿ ಕೆಡುವುದಿಲ್ಲ. ಸುಮಾರು 40 ಉಂಡಿಗೆ ಅರ್ಧ ಕಿಲೋ ಒಣ ಕೊಬ್ಬರಿ ತುರಿ, ಕಾಲು ಕಿಲೋ ಉತ್ತತ್ತಿ, 100 ಗ್ರಾಂ ಅಂಟು, ಬಾದಾಮಿ-ಗೋಡಂಬಿ ಸೇರಿ ಕಾಲು ಕಿಲೋ, ಅರ್ಧ ಕಿಲೋ ಬೆಲ್ಲ, 150 ಗ್ರಾಂ ತುಪ್ಪ, ಏಲಕ್ಕಿ, ಒಣಶುಂಠಿ. ಅಂಟನ್ನು ಮಧ್ಯಮ ಉರಿಯಲ್ಲಿ ನಾಲ್ಕೈದು ಹರಳಿನಂತೆ ಕರಿಯಿರಿ. ಉರಿ ಜೋರಾದರೆ ಮೇಲೆ ಅರಳಿ ಒಳಗೆ ಹಸಿ ಉಳಿಯುತ್ತದೆ, ತಿನ್ನುವಾಗ ಹಲ್ಲಿಗೆ ಮೆತ್ತುತ್ತದೆ. ಕರಿದ ಹರಳನ್ನು ಬಟ್ಟಲಿನ ತಳದಿಂದ ಒತ್ತಿದರೆ ಪುಡಿಯಾಗಬೇಕು. ಬೆಲ್ಲ ಕರಗಿ ನೊರೆ ಎದ್ದ ಕೂಡಲೇ ಇಳಿಸಿ. ಪಾಕ ಗಟ್ಟಿಯಾದರೆ ಎರಡನೇ ದಿನಕ್ಕೆ ಉಂಡಿ ಕಲ್ಲು. ಕಟ್ಟಿದ ಮೇಲೆ ಒಂದು ರಾತ್ರಿ ಆರಲು ಬಿಟ್ಟು ಆಮೇಲೆ ಡಬ್ಬಿಗೆ ತುಂಬಿ. ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರು ಬಂದು ಬೂಸು ಹಿಡಿಯುವುದು ಖಾತ್ರಿ.

ಕೊಬ್ಬರಿಯನ್ನು ಉಂಡಿಯ ರೂಪದಲ್ಲಿ ಒಯ್ಯಿರಿ, ಇಡೀ ಗಿಟಕ ಒಯ್ಯಬೇಡಿ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ವಸ್ತು ಎಂದು ವಿಮಾನದವರು ಅದನ್ನು ಬ್ಯಾಗಿನಿಂದ ತೆಗೆಸುತ್ತಾರೆ. ಎಲೆಗೂ ಯುಎಇಯಲ್ಲಿ ನಿಷೇಧವಿದೆ, ಅಡಿಕೆಯನ್ನೂ ಅದರ ಜೊತೆಗೇ ಮನೆಯಲ್ಲಿ ಬಿಡಿ. ಬಾಣಂತಿಗೆಂದು ಮನೆಯಲ್ಲಿ ಕುಟ್ಟಿದ, ಚೀಟಿ ಇಲ್ಲದ ಔಷಧಿ ಪುಡಿಗಳೂ ಬೇಡ. ನಿಮ್ಮ ಸ್ವಂತ ಮಾತ್ರೆಗಳು ಮೂಲ ಸ್ಟ್ರಿಪ್ಪಿನಲ್ಲೇ ಇರಲಿ, ವೈದ್ಯರ ಚೀಟಿ ಜೊತೆಗಿರಲಿ. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್‌ನಂಥ ನೋವಿನ ಮಾತ್ರೆ ಇದ್ದರೆ ಅಲ್ಲಿಯ ಆರೋಗ್ಯ ಇಲಾಖೆಯ ಪರವಾನಗಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬೇಕು.

ಬಳ್ಳೊಳ್ಳಿ ಖಾರ ಎಣ್ಣೆ ಬಿಡುತ್ತದೆ. ಅದನ್ನು ಒತ್ತು ಮುಚ್ಚಳದ ಡಬ್ಬಿಗೆ ಹಾಕಿ, ಮೇಲೆ ಎರಡು ಪ್ಲಾಸ್ಟಿಕ್ ಚೀಲ ಕಟ್ಟಿ ದೊಡ್ಡ ಬ್ಯಾಗಿನಲ್ಲಿಡಿ, ಕೈಚೀಲದಲ್ಲಿ ಬಿಡುವುದಿಲ್ಲ. ಖಡಕ್ ರೊಟ್ಟಿ ಮಾತ್ರ ಕೈಚೀಲದಲ್ಲೇ ಸುರಕ್ಷಿತ. ಇಪ್ಪತ್ತರ ಗಟ್ಟು ಮಾಡಿ, ಬಟ್ಟೆಯಲ್ಲಿ ಸುತ್ತಿ, ರೊಟ್ಟಿಯ ಅಳತೆಯ ಸ್ಟೀಲ್ ಡಬ್ಬಿಯಲ್ಲಿ ಅಲುಗಾಡದಂತೆ ಇಡಿ. ಇನ್ನೊಂದು ಮಾತು, ತೂಕದ್ದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬೇರೆ ಟಿಕೆಟ್ ತೆಗೆಸಿದ್ದರೆ ಆ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ ಉಚಿತ, ಮುಂದಿನ ವಿಮಾನದಲ್ಲಿ 30 ಇದ್ದರೂ ಲೆಕ್ಕಕ್ಕಿಲ್ಲ. ಎರಡನ್ನೂ ಒಂದೇ ಟಿಕೆಟ್‌ನಲ್ಲಿ ಮಾಡಿಸಿ, ಇಲ್ಲವೇ ರೈಲಿನಲ್ಲಿ ಬೆಂಗಳೂರಿಗೆ ಹೋಗಿ.

ಪ್ರ: ಐದು ವರ್ಷದಿಂದ ಜರ್ಮನಿಯಲ್ಲಿ ಕೆಲಸ. ಸಂಬಳದಲ್ಲಿ ಉಳಿದದ್ದನ್ನು ಹುಬ್ಬಳ್ಳಿಯ ನನ್ನ ಹಳೇ ಉಳಿತಾಯ ಖಾತೆಗೆ ಹಾಕುತ್ತಿದ್ದೇನೆ. ಅದು ತಪ್ಪು ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ವರ್ಷಕ್ಕೆ 182 ದಿನದ ಲೆಕ್ಕ ನೋಡಬೇಕೇ?
— ವಿದ್ಯಾನಗರ, ಹುಬ್ಬಳ್ಳಿ

ಉ: ಗೆಳೆಯರು ಹೇಳಿದ್ದು ಸರಿ. ನೀವು ಎರಡು ಕಾನೂನುಗಳನ್ನು ಬೆರೆಸಿಕೊಂಡಿದ್ದೀರಿ. 182 ದಿನದ ಲೆಕ್ಕ ಆದಾಯ ತೆರಿಗೆಯದು. ಬ್ಯಾಂಕ್ ಖಾತೆಯನ್ನು ಆಳುವುದು ಫೆಮಾ, ಅಂದರೆ 1999ರ ವಿದೇಶಿ ವಿನಿಮಯ ಕಾಯ್ದೆ. ಅದರ ಪ್ರಕಾರ ಕೆಲಸಕ್ಕೆಂದು ದೇಶ ಬಿಟ್ಟ ದಿನದಿಂದಲೇ ನೀವು ಅನಿವಾಸಿ. ಆಗಿನಿಂದಲೇ ಹಳೇ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕಿತ್ತು. ಫೆಮಾ ಉಲ್ಲಂಘನೆಗೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕುವ ಅವಕಾಶವಿದೆ. ಹಾಗೆಂದು ನಿದ್ದೆಗೆಡಬೇಡಿ, ತಡವಾದರೂ ನೀವಾಗಿಯೇ ಹೋಗಿ ಸರಿಪಡಿಸಿಕೊಂಡವರ ಕೆಲಸ ಸುಸೂತ್ರವಾಗಿಯೇ ಆಗುತ್ತದೆ. ಮುಚ್ಚಿಟ್ಟು ಇನ್ನೂ ಐದು ವರ್ಷ ತಳ್ಳುವುದೇ ಅಪಾಯ.

ಬೇಕಾದ್ದು ಎರಡು ಖಾತೆ. ಹಳೇ ಖಾತೆ ಎನ್‌ಆರ್‌ಒ ಆಗಲಿ. ಮನೆ ಬಾಡಿಗೆ, ಪಿತ್ರಾರ್ಜಿತದ ಹಣ, ಡಿವಿಡೆಂಡ್, ಹೀಗೆ ಇಲ್ಲಿ ಹುಟ್ಟುವ ದುಡ್ಡೆಲ್ಲ ಅದಕ್ಕೆ. ಹೊಸದಾಗಿ ಎನ್‌ಆರ್‌ಇ ತೆರೆಯಿರಿ. ಅಲ್ಲಿ ದುಡಿದದ್ದು ಅದಕ್ಕೆ. ಎನ್‌ಆರ್‌ಇ ಹಣವನ್ನು ಯಾವಾಗ ಬೇಕಾದರೂ ವಾಪಸ್ ಒಯ್ಯಬಹುದು, ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಯ ಮೇಲೆ ಶೇ 30ರ ಜೊತೆ ಸೆಸ್ ಸೇರಿ ಶೇ 31.2 ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ತೆರಿಗೆ) ಕಡಿಯುತ್ತಾರೆ. ಭಾರತ-ಜರ್ಮನಿ ತೆರಿಗೆ ಒಪ್ಪಂದದಲ್ಲಿ ಬಡ್ಡಿಗೆ ಶೇ 10ರ ಮಿತಿ ಇರುವುದರಿಂದ ಜರ್ಮನ್ ತೆರಿಗೆ ಕಚೇರಿಯ ನಿವಾಸಿ ಪ್ರಮಾಣಪತ್ರವನ್ನು ಪ್ರತಿವರ್ಷ ಬ್ಯಾಂಕಿಗೆ ಕೊಟ್ಟರೆ ಕಡಿತ ಇಳಿಯುತ್ತದೆ. ಎನ್‌ಆರ್‌ಒದಿಂದ ಹೊರಗೆ ಕಳಿಸಲು ಆರ್ಥಿಕ ವರ್ಷಕ್ಕೆ 10 ಲಕ್ಷ ಅಮೆರಿಕನ್ ಡಾಲರ್ ಮಿತಿ, ಅದಕ್ಕೂ ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ಬೇಕು.

ಬಹಳ ಜನ ಎಡವುವ ಜಾಗ ಒಂದಿದೆ. ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ ಎಂಬುದು ಭಾರತದ ಮಾತು. ಜರ್ಮನಿ ತನ್ನಲ್ಲಿ ನೆಲೆಸಿದವರ ಜಗತ್ತಿನ ಎಲ್ಲ ಆದಾಯವನ್ನೂ ಲೆಕ್ಕ ಹಿಡಿಯುತ್ತದೆ, ಈ ಬಡ್ಡಿಯನ್ನು ಅಲ್ಲಿಯ ರಿಟರ್ನ್‌ನಲ್ಲಿ ತೋರಿಸಲೇಬೇಕು. ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲದ ದುಬೈಯವರು ಕೊಡುವ ಸಲಹೆ ನಿಮಗೆ ನಡೆಯುವುದಿಲ್ಲ.

ಪಾಸ್‌ಪೋರ್ಟ್, ನಿವಾಸ ಪರವಾನಗಿ, ಅಲ್ಲಿಯ ವಿಳಾಸದ ದಾಖಲೆ, ಪ್ಯಾನ್, ಫೋಟೊ ಇಷ್ಟು ಸಾಕು. ರಜೆಗೆ ಬಂದಾಗ ಶಾಖೆಗೆ ಹೋಗಿ ಮುಗಿಸುವುದೇ ಸಲೀಸು. ಟಪಾಲಿನಲ್ಲಿ ಕಳಿಸಿದರೆ ಪ್ರತಿಗಳಿಗೆ ಭಾರತೀಯ ದೂತಾವಾಸದ ಅಥವಾ ನೋಟರಿಯ ದೃಢೀಕರಣ ಕೇಳುತ್ತಾರೆ. ಮ್ಯೂಚುವಲ್ ಫಂಡ್ ಇದ್ದರೆ ಅದರ ಕೆವೈಸಿಯೂ ಬದಲಾಗಬೇಕು. ಮೊದಲೇ ತೆರೆದ ಪಿಪಿಎಫ್ ಅವಧಿ ಮುಗಿಯುವವರೆಗೆ ನಡೆಯುತ್ತದೆ, ಹೊಸದು ತೆರೆಯುವಂತಿಲ್ಲ. ಅವ್ವನ ಮನೆಖರ್ಚಿಗೆ ಕಳಿಸುವುದನ್ನು ನಿಮ್ಮ ಖಾತೆಗೆ ಹಾಕಿ ಎಟಿಎಂ ಕಾರ್ಡು ಅವರ ಕೈಗೆ ಕೊಡುವ ಬದಲು ನೇರ ಅವರ ಖಾತೆಗೇ ಕಳಿಸಿ. ಮಗ ತಾಯಿಗೆ ಕೊಟ್ಟ ಹಣಕ್ಕೆ ತಾಯಿ ತೆರಿಗೆ ಕಟ್ಟಬೇಕಿಲ್ಲ.

ಪ್ರ: ನನಗೆ ನಾಲ್ಕು ಎಕರೆ ಎರೆ ಹೊಲ ಇದೆ. ಮಗ ಅಮೆರಿಕದಲ್ಲಿದ್ದಾನೆ. ಈಗಲೇ ಅವನ ಹೆಸರಿಗೆ ದಾನಪತ್ರ ಮಾಡಿಕೊಡಬೇಕೆಂದಿದ್ದೇನೆ. ಪಕ್ಕದ ಎರಡು ಎಕರೆಯನ್ನೂ ಅವನೇ ಕೊಳ್ಳುತ್ತಾನಂತೆ. ಈಗ ಯಾರು ಬೇಕಾದರೂ ಹೊಲ ಕೊಳ್ಳಬಹುದಲ್ಲವೇ?
— ಅಣ್ಣಿಗೇರಿ

ಉ: ಎರಡೂ ಆಗುವುದಿಲ್ಲ, ಹಿರಿಯರೇ. ಕರ್ನಾಟಕ ಭೂಸುಧಾರಣೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ ಒಕ್ಕಲುತನದವರಲ್ಲದವರೂ ಹೊಲ ಕೊಳ್ಳುವ ದಾರಿ ತೆರೆಯಿತು. ಆದರೆ ಅದು ರಾಜ್ಯದ ಕಾನೂನು. ಅನಿವಾಸಿ ಭಾರತೀಯರು ಮತ್ತು ಒಸಿಐ ಕಾರ್ಡಿನವರು (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು) ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಬಾರದು ಎಂಬುದು ಕೇಂದ್ರದ ಫೆಮಾ ನಿಯಮ, ಅದು ಹಾಗೇ ಇದೆ. ಉಪನೋಂದಣಿ ಕಚೇರಿಯಲ್ಲಿ ಯಾರೂ ಕೇಳದೆ ನೋಂದಣಿ ಆಗಿಬಿಡಬಹುದು. ಅದರಿಂದ ವ್ಯವಹಾರ ಕಾನೂನುಬದ್ಧ ಆಗುವುದಿಲ್ಲ. ಮುಂದೆ ಮಾರಿ ಹಣ ಒಯ್ಯಲು ಹೋದಾಗ ಬ್ಯಾಂಕಿನವರು ಮೊದಲು ಕೇಳುವುದೇ 'ಹೊಲ ಹೇಗೆ ಬಂತು' ಎಂದು.

ದಾನವಾಗಿಯೂ ಅವರು ಹೊಲ ಪಡೆಯುವಂತಿಲ್ಲ. ನಿಮಗೆ ಉಳಿದ ನೇರ ದಾರಿ ಮೃತ್ಯುಪತ್ರ, ಏಕೆಂದರೆ ವಾರಸಾದಿಂದ ಬರುವ ಹೊಲಕ್ಕೆ ಈ ನಿರ್ಬಂಧವಿಲ್ಲ. ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ ಪಹಣಿಯಲ್ಲಿದ್ದಂತೆಯೇ ಬರೆಸಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಅಣ್ಣ-ತಮ್ಮಂದಿರ ತಕರಾರು ಬಂದರೆ ಅದೇ ಆಸರೆ. ಸಾಕ್ಷಿಗಳು ನಿಮಗಿಂತ ಚಿಕ್ಕ ವಯಸ್ಸಿನವರಾಗಿರಲಿ. ಹೊಲ ಪಿತ್ರಾರ್ಜಿತವಾಗಿದ್ದರೆ ನಿಮ್ಮ ಪಾಲಿನಷ್ಟನ್ನೇ ಬರೆಯಬಹುದು, ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲು ಇದೆ ಎಂಬುದು ನೆನಪಿರಲಿ. ನಿಮ್ಮ ಅಪ್ಪನ ಕಾಲದ ಉತಾರವೇ ಇನ್ನೂ ನಿಮ್ಮ ಹೆಸರಿಗೆ ಆಗಿಲ್ಲದಿದ್ದರೆ ಮೊದಲು ಅದನ್ನು ಮುಗಿಸಿ. ಎರಡು ತಲೆಮಾರಿನ ವಾರಸಾ ಒಟ್ಟಿಗೆ ಮಾಡಿಸುವಾಗ ಮಗ ವಿಮಾನ ಹತ್ತಿಳಿಯುವುದರಲ್ಲೇ ಸೋಲುತ್ತಾನೆ.

ಮುಂದೆ ಮಗ ಆ ಹೊಲವನ್ನು ಮಾರುವುದಾದರೆ ಭಾರತದಲ್ಲೇ ನೆಲೆಸಿದವರಿಗೆ ಮಾತ್ರ ಮಾರಬಹುದು. ಲಾವಣಿಗೆ ಹಾಕುವ ವಿಚಾರದಲ್ಲೂ ಎಚ್ಚರ: 1974ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಹೊಲ ಗೇಣಿಗೆ ಕೊಡುವುದಕ್ಕೇ ನಿರ್ಬಂಧವಿದೆ. ಊರಲ್ಲಿ ನಡೆಯುವುದೆಲ್ಲ ಬಾಯಿಮಾತಿನ ವ್ಯವಹಾರ, ದೂರದಲ್ಲಿದ್ದವರಿಗೆ ಅದೇ ಕುತ್ತು.

ಪ್ರ: ಕುವೈತ್‌ನಲ್ಲಿದ್ದೇನೆ. ನವನಗರದ ಪ್ಲಾಟು ಮಾರಲು ಸೋದರಮಾವನಿಗೆ ಪವರ್ ಆಫ್ ಅಟಾರ್ನಿ ಕೊಡಬೇಕು. ಇಲ್ಲಿಂದ ಸಹಿ ಮಾಡಿ ಸ್ಕ್ಯಾನ್ ಕಳಿಸಿದರೆ ಸಾಕೇ?
— ಹುಬ್ಬಳ್ಳಿ

ಉ: ಸ್ಕ್ಯಾನ್ ನಡೆಯುವುದಿಲ್ಲ. ಕರಡು ಪತ್ರವನ್ನು ಹುಬ್ಬಳ್ಳಿಯ ವಕೀಲರಿಂದಲೇ ಬರೆಸಿ ತರಿಸಿಕೊಳ್ಳಿ. ಪ್ಲಾಟಿನ ನಂಬರು, ಅಳತೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಖರೀದಿ ಪತ್ರದಲ್ಲಿದ್ದಂತೆ ಅಕ್ಷರಶಃ ಇರಲಿ. ಉಪನೋಂದಣಾಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ನಮ್ಮ ಕಡೆ ವಟಮುಖತ್ಯಾರ ಪತ್ರ ಎನ್ನುವ ಇದನ್ನು 'ನನ್ನ ಎಲ್ಲ ಆಸ್ತಿಗೂ' ಎಂದು ಬರೆಸಬೇಡಿ. ಈ ಒಂದು ಪ್ಲಾಟಿನ ಮಾರಾಟಕ್ಕೆ ಮಾತ್ರ ಅಧಿಕಾರ, ಹಣ ನನ್ನ ಎನ್‌ಆರ್‌ಒ ಖಾತೆಗೇ ಬರಬೇಕು, ಬೇರೆಯವರಿಗೆ ಈ ಅಧಿಕಾರ ದಾಟಿಸುವಂತಿಲ್ಲ, ಈ ಮೂರು ಸಾಲು ಇರಲೇಬೇಕು.

ಒಂದೇ ಮುದ್ರೆಯಿಂದ ಕಾಗದಕ್ಕೆ ಬೇರೆ ದೇಶದಲ್ಲೂ ಮಾನ್ಯತೆ ಕೊಡುವ ಹೇಗ್ ಒಪ್ಪಂದದ ಅಪೋಸ್ಟಿಲ್ ವ್ಯವಸ್ಥೆಯಲ್ಲಿ ಕುವೈತ್ ಇಲ್ಲ. ಹಾಗಾಗಿ ಭಾರತೀಯ ರಾಯಭಾರ ಕಚೇರಿಯ ದಾರಿಯೇ ಸರಿ. ಸಮಯ ಗೊತ್ತು ಮಾಡಿಕೊಂಡು, ಸಹಿ ಹಾಕದ ಪತ್ರ, ಮೂಲ ಪಾಸ್‌ಪೋರ್ಟ್, ಸಿವಿಲ್ ಐಡಿ, ಫೋಟೊ ಒಯ್ಯಿರಿ. ಸಹಿ ಅಧಿಕಾರಿಯ ಎದುರೇ ಆಗಬೇಕು, ಪ್ರತಿ ಪುಟಕ್ಕೂ ಆಗಬೇಕು. ಮನೆಯಲ್ಲೇ ಸಹಿ ಮಾಡಿಕೊಂಡು ಹೋದವರನ್ನು ಹೊಸ ಪ್ರತಿ ತನ್ನಿ ಎಂದು ವಾಪಸ್ ಕಳಿಸುತ್ತಾರೆ.

ಮೂಲ ಪತ್ರವನ್ನು ಕೊರಿಯರ್‌ನಲ್ಲಿ ಕಳಿಸಿ. ಅದು ಇಲ್ಲಿಗೆ ಮುಟ್ಟಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿಯ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮುಟ್ಟಿದ ದಿನಕ್ಕೆ ಸಾಕ್ಷಿ ಕೊರಿಯರ್ ಲಕೋಟೆ. ಅದನ್ನು ಹರಿದು ಬಿಸಾಕಬೇಡಿ ಎಂದು ಮನೆಯಲ್ಲಿ ಎರಡು ಸಲ ಹೇಳಿ.

ಈಗ ಸೋದರಮಾವನ ವಿಚಾರ. ತಂದೆ, ತಾಯಿ, ಗಂಡ-ಹೆಂಡತಿ, ಮಕ್ಕಳು, ಒಡಹುಟ್ಟಿದವರನ್ನು ಬಿಟ್ಟು ಬೇರೆಯವರಿಗೆ ಮಾರಾಟದ ಅಧಿಕಾರ ಕೊಟ್ಟರೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಆಸ್ತಿಯ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾವಾರು ಬೀಳುತ್ತದೆ. ಮಾವ ಎಷ್ಟೇ ಹತ್ತಿರದವರಾದರೂ ಈ ಪಟ್ಟಿಯಲ್ಲಿಲ್ಲ. ಅಕ್ಕನೋ ತಮ್ಮನೋ ಇದ್ದರೆ ಪತ್ರ ಅವರ ಹೆಸರಿಗಿರಲಿ, ಓಡಾಟ ಮಾವನದಿರಲಿ.

ಕೊಳ್ಳುವವರಿಗೆ ನೀವು ಅನಿವಾಸಿ ಎಂದು ಮೊದಲ ದಿನವೇ ಹೇಳಿ. ಊರಿನವರ ಆಸ್ತಿಯಾದರೆ ಕೊಳ್ಳುವವರು ತೆರಿಗೆಯೆಂದು ಕಡಿಯುವುದು ಶೇ 1, ಅನಿವಾಸಿಯದಾದರೆ ಹಾಗಲ್ಲ: ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಆಸ್ತಿಗೆ ಶೇ 12.5, ಮೇಲೆ ಸರ್‌ಚಾರ್ಜ್, ಸೆಸ್. ಅದನ್ನು ಲಾಭದ ಮೇಲಲ್ಲ, ಇಡೀ ಬೆಲೆಯ ಮೇಲೆ ಕಡಿದುಬಿಡುತ್ತಾರೆ. ಮಾರಾಟಕ್ಕೆ ಮೊದಲೇ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತೆಗೆದುಕೊಂಡರೆ ರಿಫಂಡಿಗೆ ವರ್ಷಗಟ್ಟಲೆ ಕಾಯುವುದು ತಪ್ಪುತ್ತದೆ. ಕೊಳ್ಳುವವರು 'ಬರೀ ಅಗ್ರಿಮೆಂಟ್ ಮತ್ತು ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮಾಡಿಕೊಡಿ' ಎಂದರೆ ಒಪ್ಪಬೇಡಿ. ಜಿಪಿಎಯಿಂದ ಮಾಲೀಕತ್ವ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಪ್ರ: ಹೊರದೇಶದಲ್ಲಿದ್ದು ಶಿಗ್ಗಾವಿಯ ನಮ್ಮ ಮತ ಹಾಕಬಹುದೇ?
— ಶಿಗ್ಗಾವಿ

ಉ: ಬೇರೆ ದೇಶದ ಪೌರತ್ವ ತೆಗೆದುಕೊಂಡಿಲ್ಲವಾದರೆ ನಮೂನೆ 6ಎ ತುಂಬಿ ಪಾಸ್‌ಪೋರ್ಟಿನ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು. ಮತ ಮಾತ್ರ ಮೂಲ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಬಂದೇ ಹಾಕಬೇಕು.

ಪ್ರ: ದುಬೈಯಲ್ಲಿ ಕೆಲಸ ಸಿಕ್ಕಿದೆ. ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಪದವಿಯಲ್ಲಿ ಕೊನೆಗೆ, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರೇ ಇಲ್ಲ. ಸಾಲದ್ದಕ್ಕೆ ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಸಿಟ್ಟಿದ್ದೇನೆ.
— ಬೆಟಗೇರಿ, ಗದಗ

ಉ: ನಮ್ಮ ಭಾಗದ ಹಳೇ ರೋಗ ಇದು. ಶಾಲೆಯಲ್ಲಿ 'ಹಿರೇಮಠ ಮಂಜುನಾಥ ವೀರಯ್ಯ', ಕಾಲೇಜಿನಲ್ಲಿ 'ಮಂಜುನಾಥ ವಿ. ಹಿರೇಮಠ', ಪಾಸ್‌ಪೋರ್ಟಿನಲ್ಲಿ ಬರೀ 'ಮಂಜುನಾಥ'. ಮೊದಲು ಪಾಸ್‌ಪೋರ್ಟ್ ಸರಿಪಡಿಸಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಅರ್ಜಿ ಹಾಕುವಾಗ ಅಡ್ಡಹೆಸರನ್ನು 'ಸರ್‌ನೇಮ್' ಕಾಲಮಿನಲ್ಲಿ, ನಿಮ್ಮ ಹೆಸರು ಮತ್ತು ತಂದೆಯ ಹೆಸರನ್ನು 'ಗಿವನ್ ನೇಮ್' ಕಾಲಮಿನಲ್ಲಿ ಪೂರ್ತಿಯಾಗಿ ಬರೆಯಿರಿ. ಒಂಟಿ ಇನಿಷಿಯಲ್ ಬೇಡ. ಆಧಾರ್, ಪ್ಯಾನ್ ಎರಡನ್ನೂ ಅದಕ್ಕೆ ಮೊದಲೇ ಇದೇ ಕ್ರಮಕ್ಕೆ ತನ್ನಿ. ಕಂಪನಿಯವರಿಗೂ ಈಗಲೇ ತಿಳಿಸಿ. ಹಳೇ ಹೆಸರಿನಲ್ಲಿ ವೀಸಾ ಬಂದ ಮೇಲೆ ತಿದ್ದಿಸುವುದು ದುಪ್ಪಟ್ಟು ಕೆಲಸ. ಅಂಕಪಟ್ಟಿಯಲ್ಲಿ ಪದಗಳು ಅವೇ ಇದ್ದು ಕ್ರಮವಷ್ಟೇ ಬೇರೆಯಾಗಿದ್ದರೆ, ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಸಾಮಾನ್ಯವಾಗಿ ಸಾಕಾಗುತ್ತದೆ. ಕಾಗುಣಿತವೇ ಬೇರೆಯಾಗಿದ್ದರೆ ಮಂಡಳಿಯಲ್ಲೋ ವಿಶ್ವವಿದ್ಯಾಲಯದಲ್ಲೋ ತಿದ್ದಿಸಲೇಬೇಕು.

ಯುಎಇಗೆ ಪದವಿ ಪತ್ರ ಸಾಗುವ ದಾರಿ ಹೀಗೆ: ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಯ ವಿದೇಶಾಂಗ ಇಲಾಖೆ. ವಿದೇಶಾಂಗ ಸಚಿವಾಲಯ ಕಾಗದಗಳನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ, ಅದು ನೇಮಿಸಿದ ಸಂಸ್ಥೆಗಳ ಮೂಲಕವೇ ಕೊಡಬೇಕು.

ಈ ದಾರಿಯಲ್ಲಿ ಲ್ಯಾಮಿನೇಷನ್ ದೊಡ್ಡ ಅಡ್ಡಿ. ಮುದ್ರೆ ಒತ್ತುವುದು, ಸ್ಟಿಕರ್ ಹಚ್ಚುವುದು ಪತ್ರದ ಹಿಂದಿನ ಕಾಗದದ ಮೇಲೆ. ಪ್ಲಾಸ್ಟಿಕ್ ಮೇಲೆ ನಿಲ್ಲುವುದಿಲ್ಲ. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ಬಿಚ್ಚಲು ಹೋದರೆ ಅಕ್ಷರ, ಮುದ್ರೆ ಎರಡೂ ಪ್ಲಾಸ್ಟಿಕ್ ಜೊತೆ ಎದ್ದು ಬರುತ್ತವೆ. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ಎರಡನೇ ಪ್ರತಿ ತೆಗೆಸಿ. ಕರ್ನಾಟಕ ವಿಶ್ವವಿದ್ಯಾಲಯದ್ದಾದರೆ ಧಾರವಾಡಕ್ಕೇ ಹೋಗಿ 'ಪ್ಲಾಸ್ಟಿಕ್ ಬೇಡ' ಎಂದು ಹೇಳಿ ತನ್ನಿ.

ಪ್ರ: ಒಂಬತ್ತನೇ ಇಯತ್ತೆ ಓದಿದ್ದೇನೆ, ವೆಲ್ಡಿಂಗ್ ಬರುತ್ತದೆ. ಸೌದಿ ಕೆಲಸಕ್ಕೆ ಏಜೆಂಟರು ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಸದ್ಯ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸೋಣ ಎನ್ನುತ್ತಾರೆ.
— ಹಾನಗಲ್ಲ

ಉ: ಹಣ ಕೊಟ್ಟಿಲ್ಲದಿದ್ದರೆ ಕೊಡಬೇಡಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ (ವಲಸೆ ತಪಾಸಣೆ ಬೇಕಾದ) ವರ್ಗದ್ದು. ಸೌದಿ, ಯುಎಇ, ಕುವೈತ್, ಕತಾರ್, ಒಮಾನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ನಿಮಗೆ ವಲಸೆ ಪರವಾನಗಿ ಬೇಕು, ಅದು ಸಿಗುವುದು ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ. ವಿಸಿಟ್ ವೀಸಾದಲ್ಲಿ ಕಳಿಸುವುದೆಂದರೆ ಇದನ್ನು ತಪ್ಪಿಸಿಕೊಳ್ಳುವ ಉಪಾಯ. ಅಲ್ಲಿ ಸಂಬಳ ಕೊಡದಿದ್ದರೆ ದೂರು ಕೊಡಲು ನಿಮ್ಮ ಕೈಯಲ್ಲಿ ಕರಾರು ಪತ್ರವೇ ಇರುವುದಿಲ್ಲ.

ಏಜೆಂಟರ ನೋಂದಣಿ ಸಂಖ್ಯೆ ಕೇಳಿ, ಇ-ಮೈಗ್ರೇಟ್ ತಾಣದಲ್ಲಿ ಹಾಕಿ ನೋಡಿ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಶೇ 18 ಜಿಎಸ್‌ಟಿ ಸೇರಿದರೆ 35,400, ಅದೂ ರಸೀದಿಯ ಜೊತೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ನಿಮಗೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ಪಾಸ್‌ಪೋರ್ಟ್, ವೀಸಾ, ಕರಾರು ಮೂರರ ಪ್ರತಿಯನ್ನೂ ಮನೆಯಲ್ಲಿ ಇಟ್ಟುಹೋಗಿ. ಅಲ್ಲಿ ತೊಂದರೆಯಾದರೆ ಮನೆಯವರು ವಿದೇಶಾಂಗ ಸಚಿವಾಲಯದ 'ಮದದ್' ತಾಣದಲ್ಲಿ ದೂರು ಹಾಕಲು ಅವೇ ಬೇಕು.

ಪ್ರ: ಟೊರಾಂಟೋದಲ್ಲಿ ಜೋಳದ ರೊಟ್ಟಿ ಬಡಿದರೆ ಅಂಚು ಸೀಳುತ್ತದೆ, ಉಬ್ಬುವುದಿಲ್ಲ. ಇಂಡಕ್ಷನ್ ಒಲೆ. ಹೊಗೆ ಎದ್ದು ಅಲಾರಂ ಬೇರೆ ಹೊಡೆದುಕೊಳ್ಳುತ್ತದೆ.
— ಸಾಧನಕೇರಿ, ಧಾರವಾಡ

ಉ: ಅಂಚು ಸೀಳಿದರೆ ಮೊದಲು ಹಿಟ್ಟಿನ ಮೇಲೆ ಸಂಶಯ ಪಡಿ. ಗೋದಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇದೆ, ಜೋಳದಲ್ಲಿ ಇಲ್ಲ. ಜೋಳದ ಹಿಟ್ಟಿಗೆ ಜಿಗಿ ಬರುವುದು ಕುದಿಯುವ ಎಸರಿನಲ್ಲಿ ಅದರ ಪಿಷ್ಟ ಬೆಂದಾಗ. ಹಿಟ್ಟು ತಿಂಗಳುಗಟ್ಟಲೆ ಹಳೆಯದಾದರೆ ಎಸರು ಹಾಕಿದರೂ ಜಿಗಿ ಬರುವುದಿಲ್ಲ, ಕಹಿಯೂ ಆಗುತ್ತದೆ. ಭಾರತೀಯ ಅಂಗಡಿಯಲ್ಲಿ ಕೊಳ್ಳುವಾಗ ಚೀಲದ ಮೇಲಿನ ತಯಾರಿಕೆಯ ದಿನಾಂಕ ನೋಡಿ, ಸಣ್ಣ ಚೀಲ ತನ್ನಿ, ಫ್ರೀಜರಿನಲ್ಲಿಡಿ. ಜೋಳವನ್ನೇ ತಂದು ಆಗಾಗ ಬೀಸಿಕೊಳ್ಳುವವರ ರೊಟ್ಟಿಯಂತೂ ಬೇರೆಯೇ.

ನಾಲ್ಕೈದು ರೊಟ್ಟಿಗೆ ಎರಡು ಕಪ್ ಹಿಟ್ಟು, ಒಂದೂಕಾಲು ಕಪ್ ನೀರು, ಚಿಟಿಕೆ ಉಪ್ಪು. ನೀರು ತೆರಳುವಾಗಲೇ ಹಿಟ್ಟಿಗೆ ಸುರಿದು, ಕಟ್ಟಿಗೆ ಚಮಚದಿಂದ ಕಲಸಿ, ಐದು ನಿಮಿಷ ಮುಚ್ಚಿಡಿ. ಬಿಸಿ ಇರುವಾಗಲೇ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿ, ಒಂದೊಂದು ಉಂಡೆಯನ್ನೂ ಬಡಿಯುವ ಮುಂಚೆ ಮತ್ತೊಮ್ಮೆ ನಾದಿ. ಇಲ್ಲಿ ಬೇಸರಪಟ್ಟರೆ ಅಂಚು ಸೀಳುವುದೇ. ಉಂಡೆಯನ್ನು ಬೆರಳಿನಿಂದ ಒತ್ತಿದಾಗ ಅಂಚಿನಲ್ಲಿ ಬಿರುಕು ಕಂಡರೆ ಕೈಗೆ ಬಿಸಿನೀರು ಹಚ್ಚಿಕೊಂಡು ಇನ್ನಷ್ಟು ನಾದಬೇಕು. ಕೊನೆಯ ಉಂಡೆಗಳು ಒಣಗದಂತೆ ಒದ್ದೆ ಬಟ್ಟೆ ಮುಚ್ಚಿರಲಿ.

ಇಂಡಕ್ಷನ್‌ಗೆ ಮಣ್ಣಿನ ಹಂಚು, ಅಲ್ಯೂಮಿನಿಯಂ ಹಂಚು ಕಾಯುವುದಿಲ್ಲ. ತಳ ಸಪಾಟಾದ ಎರಕದ ಕಬ್ಬಿಣದ ಹಂಚು ಬೇಕು. ಊರಿನ ಹಂಚು ನಡುವೆ ತಗ್ಗಾಗಿರುತ್ತದೆ, ಗಾಜಿನ ಒಲೆಗೆ ಕೂರುವುದಿಲ್ಲ. ಮಧ್ಯಮ ಉರಿಯಲ್ಲಿ ಆರೇಳು ನಿಮಿಷ ಕಾಯಿಸಿ. ಒಮ್ಮೆಗೇ ಹೈ ಮಾಡಿದರೆ ನಡುವೆ ಮಾತ್ರ ಕಾದು ಅಂಚು ತಣ್ಣಗಿರುತ್ತದೆ, ಹಂಚು ಬಿರಿಯಲೂಬಹುದು. ಹಂಚನ್ನು ಎತ್ತಿಡಿ, ಗಾಜಿನ ಮೇಲೆ ಎಳೆಯಬೇಡಿ.

ರೊಟ್ಟಿಯ ಹಿಟ್ಟು ಹತ್ತಿದ ಬದಿ ಮೇಲೆ ಬರುವಂತೆ ಹಾಕಿ, ತಕ್ಷಣ ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಿ. ನೀರು ಆರಿತು ಅನ್ನುವಷ್ಟರಲ್ಲಿ ಮಗುಚಿ. ಆ ಬದಿ ಬೆಂದ ಮೇಲೆ ಮತ್ತೆ ಮಗುಚಿ, ಬಟ್ಟೆಯ ಉಂಡೆಯಿಂದ ಅಂಚಿನಿಂದ ನಡುವಿಗೆ ಹಗುರಾಗಿ ಒತ್ತುತ್ತ ಬಂದರೆ ಬೆಂಕಿ ಇಲ್ಲದೆಯೂ ಉಬ್ಬುತ್ತದೆ. ನೀರು ಪೂರ್ತಿ ಒಣಗಿದ ಮೇಲೆ ಮಗುಚಿದರೆ ಮೇಲ್ಪದರು ಬಿರಿದು ಹಬೆ ಸೋರಿಹೋಗುತ್ತದೆ. ಬಹಳ ಜನರ ರೊಟ್ಟಿ ಉಬ್ಬದಿರುವುದು ಇದೇ ಕಾರಣಕ್ಕೆ.

ಹೊಗೆ ಬರುವುದು ರೊಟ್ಟಿಯಿಂದಲ್ಲ, ಹಂಚಿನ ಮೇಲೆ ಉದುರಿ ಸುಡುವ ಒಣ ಹಿಟ್ಟಿನಿಂದ. ಪ್ರತಿ ರೊಟ್ಟಿಯ ನಂತರ ಒಣ ಬಟ್ಟೆಯಿಂದ ಹಂಚು ಒರೆಸಿ, ಬಡಿಯುವಾಗ ಹಿಟ್ಟು ಕಡಿಮೆ ಹಾಕಿ, ಫ್ಯಾನನ್ನು ಹಂಚು ಇಡುವ ಮೊದಲೇ ಹಚ್ಚಿ. ಅಲಾರಂಗೆ ಪ್ಲಾಸ್ಟಿಕ್ ಚೀಲ ಕಟ್ಟುವ ಜಾಣತನ ಬೇಡ, ಬಾಡಿಗೆ ಮನೆಯಲ್ಲಿ ಅದು ದಂಡಕ್ಕೆ ದಾರಿ. ಬ್ಯಾಡಗಿ ಮೆಣಸಿನಕಾಯಿ ಹುರಿಯುವುದನ್ನಂತೂ ಬಾಲ್ಕನಿಗೇ ಇಟ್ಟುಕೊಳ್ಳಿ.

ಪ್ರ: ಡಬ್ಲಿನ್‌ಗೆ ಬಂದ ಮೇಲೆ ಬ್ಯಾಂಕಿನ ಒಟಿಪಿ ಬರುತ್ತಿಲ್ಲ. ಸಿಮ್ ಅಪ್ಪನಿಗೇ ಕಳಿಸಿಬಿಡಲೇ?
— ರಾಣೆಬೆನ್ನೂರು

ಉ: ಬೇಡ. ಅಪ್ಪ ಫೋನಿನಲ್ಲಿ ಒಟಿಪಿ ಓದಿ ಹೇಳುವ ರೂಢಿ ಒಮ್ಮೆ ಬಿದ್ದರೆ, ನಾಳೆ ಬ್ಯಾಂಕಿನಿಂದ ಎಂದು ಹೇಳಿಕೊಂಡ ಕಳ್ಳನಿಗೂ ಓದಿ ಹೇಳುತ್ತಾರೆ. ಸಿಮ್ ನಿಮ್ಮ ಫೋನಿನ ಎರಡನೇ ಜಾಗದಲ್ಲಿರಲಿ. ಅಂತಾರಾಷ್ಟ್ರೀಯ ರೋಮಿಂಗ್ ಅನ್ನು ಊರಲ್ಲಿರುವಾಗಲೇ ಚಾಲೂ ಮಾಡಿ ಬರಬೇಕು. ಈಗ ತಪ್ಪಿದ್ದರೆ ಕಂಪನಿಯ ಆ್ಯಪ್‌ನಲ್ಲಿ ಪ್ರಯತ್ನಿಸಿ. ಡೇಟಾ ರೋಮಿಂಗ್ ಮಾತ್ರ ಬಂದ್ ಇರಲಿ. ಬಳಕೆಯೇ ಇಲ್ಲದ ನಂಬರು ಸಾಮಾನ್ಯವಾಗಿ 90 ದಿನಕ್ಕೆ ಸಾಯುತ್ತದೆ; ರೀಚಾರ್ಜಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ನಂಬರು ಬೇರೆಯವರಿಗೆ ಹೋದರೆ ನಿಮ್ಮ ಒಟಿಪಿಯೂ ಅವರಿಗೇ. ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು ಬದಲಿಸುವುದಿದ್ದರೆ ರಜೆಯ ಮೊದಲ ವಾರವೇ ಅದನ್ನು ಮುಗಿಸಿ. ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ವಿದೇಶಿ ನಂಬರನ್ನೇ ನೋಂದಾಯಿಸಲು ಬ್ಯಾಂಕುಗಳು ಬಿಡುತ್ತವೆ, ಇಮೇಲ್‌ಗೂ ಒಟಿಪಿ ಕೇಳಿ.

ಪ್ರ: ನಾನು ನಿವೃತ್ತ ಶಿಕ್ಷಕಿ. ನವೆಂಬರಿನಲ್ಲಿ ಮಗನ ಮನೆಗೆ ಮೆಲ್ಬರ್ನ್‌ಗೆ ಹೋಗುತ್ತಿದ್ದೇನೆ. ಪಿಂಚಣಿಯ ಜೀವಂತ ಪ್ರಮಾಣಪತ್ರ ಹೇಗೆ? ಪೇಡೆ, ಚಟ್ನಿಪುಡಿ ಒಯ್ಯಬಹುದೇ?
— ಲಕ್ಷ್ಮೇಶ್ವರ

ಉ: ಅಕ್ಕಾರ, ಹೊರಡುವ ಮೊದಲೇ ಪಿಂಚಣಿ ಬರುವ ಬ್ಯಾಂಕಿಗೆ ಹೋಗಿ, ಹೊರದೇಶದಿಂದ ಯಾವ ರೂಪದಲ್ಲಿ ಕೊಟ್ಟರೆ ಒಪ್ಪುತ್ತೀರಿ ಎಂದು ಕೇಳಿ. ದಾರಿ ಎರಡು: ಮೆಲ್ಬರ್ನ್‌ನ ಭಾರತೀಯ ದೂತಾವಾಸದಲ್ಲಿ ಅಧಿಕಾರಿಯ ಎದುರು ಸಹಿ ಮಾಡಿ ಕಳಿಸುವುದು, ಅಥವಾ ಫೋನಿನ ಕ್ಯಾಮೆರಾದಲ್ಲಿ ಮುಖ ತೋರಿಸಿ ಜೀವನ್ ಪ್ರಮಾಣ್ ತೆಗೆಯುವುದು. ಎರಡನೆಯದಕ್ಕೆ ಆಧಾರ್, ಪಿಪಿಒ (ಪಿಂಚಣಿ ಆದೇಶ) ಸಂಖ್ಯೆ, ಚಾಲ್ತಿಯಲ್ಲಿರುವ ಊರಿನ ಸಿಮ್ ಬೇಕು. ಒಮ್ಮೆ ಮನೆಯಲ್ಲೇ ಆ್ಯಪ್ ಹಾಕಿಸಿ ಮುಖ ಹಿಡಿಯುತ್ತದೋ ನೋಡಿಕೊಳ್ಳಿ. ಕನ್ನಡಕ ತೆಗೆದು, ಬೆಳಕಿಗೆ ಎದುರಾಗಿ ಕೂತರೆ ಬೇಗ ಹಿಡಿಯುತ್ತದೆ.

ಮಾತ್ರೆಗಳನ್ನು ಮೂರು ತಿಂಗಳಿಗಾಗುವಷ್ಟು ಒಯ್ಯಬಹುದು, ವೈದ್ಯರ ಚೀಟಿ ಇಂಗ್ಲಿಷಿನಲ್ಲಿರಲಿ. ಪ್ರಯಾಣ ವಿಮೆಯನ್ನು ಹೊರಡುವ ಮುಂಚೆಯೇ ಮಾಡಿಸಿ, ಹಳೇ ಬಿಪಿ-ಸಕ್ಕರೆ ಇದ್ದರೆ ಮುಚ್ಚಿಡದೆ ಬರೆಸಿ. ನವೆಂಬರ್ ಅಲ್ಲಿ ಬೇಸಿಗೆಗೆ ಹತ್ತಿರ, ಸ್ವೆಟರ್ ಒಂದೇ ಸಾಕು. ಗಡಿಯಾರ ನಮಗಿಂತ ಐದೂವರೆ ತಾಸು ಮುಂದೆ. ಇಲ್ಲಿಯವರು ರಾತ್ರಿ ಊಟ ಮಾಡಿ ಫೋನ್ ಹಚ್ಚಿದರೆ ನಿಮಗೆ ನಡುರಾತ್ರಿ ದಾಟಿರುತ್ತದೆ.

ತಿನಿಸಿನ ವಿಚಾರದಲ್ಲಿ ಆಸ್ಟ್ರೇಲಿಯಾ ಬಹಳ ಬಿಗಿ. ಪೇಡೆ ಹಾಲಿನದು, ಅದನ್ನು ಬಿಟ್ಟುಹೋಗಿ. ಕರಿಬೇವು, ಬಿತ್ತುವ ಬೀಜ, ಹಸಿ ಹಣ್ಣು ಯಾವುದೂ ಬೇಡ. ಹುರಿದು ಕುಟ್ಟಿದ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ಯಬಹುದು. ಸೀಲು ಮಾಡಿಸಿ, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು, ಬ್ಯಾಗಿನಲ್ಲಿ ಎಲ್ಲ ಒಂದೇ ಕಡೆ ಇಡಿ. ಇಳಿಯುವ ಮೊದಲು ತುಂಬುವ ಚೀಟಿಯಲ್ಲಿ ತಿನ್ನುವ ಪದಾರ್ಥ ಇದೆಯೇ ಎಂಬ ಪ್ರಶ್ನೆಗೆ 'ಹೌದು' ಎಂದೇ ಗುರುತು ಹಾಕಿ. ತೋರಿಸಿದ್ದು ಅವರಿಗೆ ಬೇಡವೆನಿಸಿದರೆ ತೆಗೆದು ಬಿಸಾಕುತ್ತಾರೆ, ಅಷ್ಟೇ. ಬಚ್ಚಿಟ್ಟದ್ದು ಸಿಕ್ಕರೆ ದಂಡ.